ಬಿಟ್ಟ ಗಡ್ಡ, ಬಿಟ್ಟ ಸಿಗರೇಟು

ಲಖನೌ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿಗೆ ಬಂದ ಹೊಸತರಲ್ಲಿ ಹಟ ಹಿಡಿದು ಕನ್ನಡ ಕಲಿಯುತ್ತಿದ್ದರು. ಒಂದು ಮಧ್ಯಾಹ್ನ ಕಾಫಿ ಹೊತ್ತಿನಲ್ಲಿ ನೋಟ್‌ಬುಕ್ಕು ಹಿಡಿದು ಬಂದು ಎದುರಿಗೆ ಕೂತರು. "ಸಾರ್, ನೀವು ಸಿಗರೇಟು ಬಿಟ್ಟೆ ಅಂತೀರಿ. ನಿಮ್ಮ ಹತ್ರ ಈಗ ಸಿಗರೇಟು ಇಲ್ಲ. ಸರಿ. ಆ ಅಕೌಂಟ್ಸ್ ಹುಡುಗ ಗಡ್ಡ ಬಿಟ್ಟಿದ್ದೀನಿ ಅಂತಾನೆ. ಅವನ ಮುಖದ ತುಂಬ ಗಡ್ಡ ಇದೆಯಲ್ಲ?"

ನಕ್ಕೆ. ನಕ್ಕು ಮುಗಿದ ಮೇಲೆ ನೋಡಿದರೆ ಉತ್ತರ ಹೊಳೆಯಲಿಲ್ಲ. "ಅದು ಹಾಗೇ" ಅಂದೆ. ಮನೆಮಾತಿನವರು ತಲೆತಲಾಂತರದಿಂದ ಕೊಡುತ್ತ ಬಂದಿರುವ ಉತ್ತರ ಅದು. ಅದರಿಂದ ಇದುವರೆಗೆ ಯಾರಿಗೂ ಏನೂ ತಿಳಿದಿಲ್ಲ. ಅವರಂತೂ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಒಂದು ಪಟ್ಟಿಯನ್ನೇ ತಂದರು: ದಾಸವಾಳ ಹೂ ಬಿಟ್ಟಿದೆ. ಮೈಸೂರು ಬಸ್ಸು ಆರಕ್ಕೆ ಬಿಡುತ್ತದೆ. ಮಳೆ ಬಿಟ್ಟಿತು. ನಾಯಿಮರಿ ಕಣ್ಣು ಬಿಟ್ಟಿತು. ಅಜ್ಜ ಪ್ರಾಣ ಬಿಟ್ಟ. ಬುರುಡೆ ಬಿಡಬೇಡ. ಹುಟ್ಟು, ಸಾವು, ಸುಳ್ಳು, ಬಸ್ಸು ಎಲ್ಲವೂ ಒಂದೇ ಕ್ರಿಯಾಪದದೊಳಗೆ ಹೇಗೆ ಹಿಡಿಸುತ್ತವೆ ಎಂಬುದು ಅವರ ತಕರಾರು. ಆ ತಕರಾರನ್ನು ಹೆಗಲಿಗೇರಿಸಿಕೊಂಡು ನಾನು ನಿಘಂಟುಗಳ ಕಡೆಗೆ ಹೊರಟೆ.

ಮೊದಲು ಬಳಗವನ್ನು ನೋಡಬೇಕು. ತಮಿಳು, ಮಲಯಾಳ, ತೆಲುಗುಗಳಲ್ಲಿ ಇದು 'ವಿಡು'. ತುಳುವಿನಲ್ಲಿ 'ಬುಡು'. ದಕ್ಷಿಣದ ನುಡಿಗಳ ಹಳೆಯ ವಕಾರ ಕನ್ನಡಕ್ಕೆ ಬರುವಾಗ ಪದದ ಮೊದಲಲ್ಲಿ ಬಕಾರವಾಗುತ್ತದೆ. ತಮಿಳರ 'ವಾ' ನಮ್ಮ 'ಬಾ', ಅವರ 'ವೇರ್' ನಮ್ಮ 'ಬೇರು', ಅವರ 'ವಿಲ್' ನಮ್ಮ 'ಬಿಲ್ಲು'. ಹಾಗೆ 'ವಿಡು' 'ಬಿಡು' ಆಯಿತು. ಸಂಸ್ಕೃತದಿಂದ ಬಂದ ತ್ಯಾಗ, ವೈರಾಗ್ಯಗಳ ಗತ್ತು ಇದಕ್ಕಿಲ್ಲ. ವೈರಾಗ್ಯದೊಳಗಿನ ರಾಗವೆಂದರೆ ಬಣ್ಣ. ಮನಸ್ಸಿಗೆ ಹತ್ತಿದ ಬಣ್ಣ ಹೋಗುವುದೇ ವೈರಾಗ್ಯ. ಸುಂದರವಾದ ಕಲ್ಪನೆ, ಒಪ್ಪುತ್ತೇನೆ. ಆದರೆ ನಮ್ಮ 'ಬಿಡು'ವಿನಲ್ಲಿ ಬಣ್ಣವಿಲ್ಲ, ಮನಸ್ಸೂ ಇಲ್ಲ. ಇರುವುದು ಒಂದು ಕೈ, ಅದರ ಹಿಡಿತ.

ಈ ಪದದ ಮಗು 'ಬೀಡು'. ಕೆಡುವಿನಿಂದ ಕೇಡು, ಪಡುವಿನಿಂದ ಪಾಡು ಹುಟ್ಟಿದಂತೆ ಬಿಡುವಿನ ಮೊದಲಕ್ಷರ ಉದ್ದವಾಗಿ ಬೀಡು ಹುಟ್ಟಿದೆ. ದಾರಿ ನಡೆದು ದಣಿದವರು ಎತ್ತಿನ ನೊಗ ಕಳಚಿ, ಹೇರು ಇಳಿಸಿ, ಕುದುರೆಯ ಜೀನು ಬಿಚ್ಚಿ ಇಟ್ಟ ಜಾಗ ಅದು. ಸೈನ್ಯಕ್ಕೂ ಬೀಡು, ವ್ಯಾಪಾರಿಗಳ ತಂಡಕ್ಕೂ ಬೀಡು. ಇವತ್ತಿಗೂ 'ಬೀಡುಬಿಟ್ಟರು' ಎನ್ನುತ್ತೇವೆ. ತಾಯಿಯೂ ಮಗುವೂ ಒಟ್ಟಿಗೆ ಬರುವ ಮಾತು. ಮದುವೆಗೆ ಬಂದ ಬೀಗರನ್ನು ಇಳಿಸುವ ಬಿಡದಿಯೂ ಇದೇ ಮನೆತನದ್ದು. ತೆಲುಗಿನವರು ಅದನ್ನು 'ವಿಡಿದಿ' ಅನ್ನುತ್ತಾರೆ.

ತಮಿಳರು, ಮಲಯಾಳಿಗಳು ಇದೇ ಪದವನ್ನು ತೆಗೆದುಕೊಂಡು ಹೋಗಿ ಮನೆಗೇ ಇಟ್ಟರು. ಅವರ 'ವೀಡು' ಗೋಡೆ, ಸೂರು, ಬಾಗಿಲಿರುವ ಮನೆ. ತಮಿಳಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧರ್ಮ ಅರ್ಥ ಕಾಮಗಳ ನಂತರದ ನಾಲ್ಕನೆಯ ಪುರುಷಾರ್ಥವನ್ನೂ ವೀಡು ಎಂದೇ ಕರೆದರು. ಮನೆಗೂ ಮೋಕ್ಷಕ್ಕೂ ಒಂದೇ ಹೆಸರು! ಇಪ್ಪತ್ತು ವರ್ಷದ ಗೃಹಸಾಲದ ಕಂತು ಕಟ್ಟುತ್ತಿರುವವರಿಗೆ ಇದು ಕ್ರೂರವಾದ ತಮಾಷೆಯಾಗಿ ಕಂಡರೆ ತಪ್ಪಲ್ಲ.

ಕನ್ನಡದ ಅರಸರು ಮಾಡಿದ್ದು ಇದಕ್ಕಿಂತ ಸೊಗಸು. ಶಾಸನಗಳಲ್ಲಿ ರಾಜಧಾನಿಯನ್ನು 'ನೆಲೆವೀಡು' ಎಂದು ಬರೆಸಿದರು. ಕಲ್ಯಾಣದ ಚಾಲುಕ್ಯರು, ದೋರಸಮುದ್ರದ ಹೊಯ್ಸಳರು ಇಂಥ ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದರು ಎಂಬುದು ಶಾಸನದ ಮಾಮೂಲಿ ಒಕ್ಕಣೆ. ಮಾತನ್ನು ಬಿಡಿಸಿ ನೋಡಿ: ನೆಲೆ ಎಂದರೆ ಕದಲದ್ದು, ಬೀಡು ಎಂದರೆ ನಾಳೆ ಎದ್ದು ಹೋಗುವಂಥದ್ದು. ಕದಲದ ಡೇರೆ! ಕಲ್ಲಿನ ಕೋಟೆ ಕಟ್ಟಿ, ಕಂಬಕಂಬಕ್ಕೂ ಕೆತ್ತನೆ ಮಾಡಿಸಿ, ಅದಕ್ಕೆ ಡೇರೆಯ ಹೆಸರಿಟ್ಟವರ ವಿನಯವೋ, ದಂಡಿನಲ್ಲೇ ಬೆಳೆದವರ ರೂಢಿಯೋ. ಬಹುಶಃ ರೂಢಿಯೇ. ಆದರೂ ದೋರಸಮುದ್ರದ ವಿಷಯದಲ್ಲಿ ಆ ಹೆಸರು ನಿಜವೇ ಆಗಿಹೋಯಿತು. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಮುಂದೆ ತುಘಲಕನ ಸೇನೆಯೂ ಬಂತು. ಹೊಯ್ಸಳ ದೊರೆ ಮೂರನೆಯ ಬಲ್ಲಾಳ ತಿರುವಣ್ಣಾಮಲೈಯಂಥ ಕಡೆಗಳಲ್ಲಿ ನೆಲೆ ಹುಡುಕಿಕೊಂಡು ಅಲೆದ. ಬಿಟ್ಟುಹೋದ ಊರಿಗೆ ಜನ ಇಟ್ಟ ಹೆಸರು ಹಳೇಬೀಡು. ಇವತ್ತು ಬಸ್ಸಿನ ಬೋರ್ಡಿನ ಮೇಲೆ ಅದನ್ನು ಓದುವಾಗ ನಮಗೆ ಅರ್ಥ ಕೇಳಿಸುವುದಿಲ್ಲ. ಕೇಳಿಸಿಕೊಂಡರೆ ಅದು ಒಂದು ವಾಕ್ಯ: ಇಲ್ಲಿ ಒಂದು ಕಾಲಕ್ಕೆ ಡೇರೆ ಹಾಕಿದ್ದರು.

ತುಳುನಾಡಿನಲ್ಲಿ ಮಾತ್ರ ಬೀಡು ಕದಲಲಿಲ್ಲ. ಅಲ್ಲಿ ಬಲ್ಲಾಳರ, ಹೆಗ್ಗಡೆಯವರ ದೊಡ್ಡ ಮನೆಗಳಿಗೆ ಬೀಡೆಂದೇ ಹೆಸರು ಉಳಿದಿದೆ. ಧರ್ಮಸ್ಥಳದ್ದೂ ಬೀಡೇ.

ಇನ್ನು ದಾನದ ವಿಷಯ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ ವೀರನೊಬ್ಬನಿಗೆ ಊರುಗಳನ್ನು 'ಕೊಟ್ಟಾರ್' ಎಂದಿದೆ. ಕೊಡುವುದಕ್ಕೆ ಎದುರಿಗೆ ಈಸಿಕೊಳ್ಳುವ ಕೈ ಬೇಕು, ವೀರನಿಗೆ ಕೈಯಿತ್ತು. ಮುಂದಿನ ಶತಮಾನಗಳಲ್ಲಿ ದೇವಸ್ಥಾನಕ್ಕೆ, ಬಸದಿಗೆ, ಮಠಕ್ಕೆ, ಕೆರೆಗೆ ದತ್ತಿ ಹೆಚ್ಚಿದಂತೆ ಶಾಸನಗಳಲ್ಲಿ 'ಬಿಟ್ಟರ್' ಎಂಬ ಮಾತು ಮೆರೆಯುತ್ತದೆ. ಆಚಾರ್ಯರ ಕಾಲು ತೊಳೆದು, ಧಾರೆಯ ನೀರು ಎರೆದು, ಇಂತಿಷ್ಟು ಮತ್ತರು ಭೂಮಿ ಬಿಟ್ಟರು. ನಂದಾದೀಪದ ಎಣ್ಣೆಗೆ ಗಾಣ ಬಿಟ್ಟರು. ಸಂತೆಯ ಸುಂಕ ಬಿಟ್ಟರು. ಕೆರೆ ಕೈಚಾಚಿ ಇಸಕೊಳ್ಳುವುದಿಲ್ಲ, ಲಿಂಗವೂ ಇಸಕೊಳ್ಳುವುದಿಲ್ಲ. ಆದ್ದರಿಂದ ದಾನಿ ಮಾಡಬಹುದಾದದ್ದು ಒಂದೇ: ತನ್ನ ಹಿಡಿತ ಸಡಿಲಿಸುವುದು. ಆಮೇಲೆ ಆ ಗದ್ದೆಯ ಭತ್ತ ಯಾರ ಹೊಟ್ಟೆಗೆ ಹೋಯಿತು, ಆ ಎಣ್ಣೆ ದೀಪಕ್ಕೇ ಹೋಯಿತೋ ಪೂಜಾರಿಯ ಒಗ್ಗರಣೆಗೆ ಹೋಯಿತೋ ಎಂಬುದು ಅವನ ಕೈಯಲ್ಲಿ ಇಲ್ಲ.

ಇಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಶಾಸನದ ಕೊನೆಗೆ ಶಾಪ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ ಈ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟಲಿ. ವಾರಣಾಸಿಯಲ್ಲಿ ಹಸುಗಳನ್ನು ಕೊಂದ ಪಾಪ ತಟ್ಟಲಿ. ಮೇಲೆ 'ಬಿಟ್ಟರ್' ಎಂದು ಕೆತ್ತಿಸಿದ ಕೈಯೇ ಕೆಳಗೆ ಹುಳುವನ್ನೂ ಕೆತ್ತಿಸಿದೆ. ಬಿಟ್ಟದ್ದು ನೆಲವನ್ನು, ನೆಲದ ಚಿಂತೆಯನ್ನಲ್ಲ. ಮಳೆ ಬಿಟ್ಟರೂ ಮರದ ಹನಿ ಬಿಡಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿಕ್ಕಿದೆ, ಇನ್ನೊಂದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 982ರ ಒಂದು ಶಾಸನವಿದೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರನದು. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟ ಸಾಮ್ರಾಜ್ಯವನ್ನು ಕಿತ್ತುಹಾಕಿದ ಮೇಲೆ, ಗಂಗರ ಮಾರಸಿಂಹ ಈ ಹುಡುಗನಿಗೆ ಪಟ್ಟ ಕಟ್ಟಿ ಮನೆತನವನ್ನು ಎತ್ತಿ ನಿಲ್ಲಿಸಲು ನೋಡಿದ. ಆಗಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಕೆಲವು ವರ್ಷಗಳ ಮೇಲೆ ಇಂದ್ರನೂ ಅನ್ನ ನೀರು ಬಿಟ್ಟು ಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಅವನು ರಾಜ್ಯವನ್ನು ಬಿಟ್ಟನೋ ಕಳೆದುಕೊಂಡನೋ ಎಂದು ಯಾರಾದರೂ ಕೇಳಿದರೆ ಕಳೆದುಕೊಂಡ ಎನ್ನಬೇಕು. ಅನ್ನವನ್ನು ಮಾತ್ರ ಬಿಟ್ಟ. ಕೈಯಲ್ಲಿ ಇಲ್ಲದ್ದನ್ನು ಬಿಡಲಾಗುವುದಿಲ್ಲ, ಭಾಷೆ ಒಪ್ಪುವುದಿಲ್ಲ. ಆದರೆ ತಮಾಷೆ ಅದಲ್ಲ. ಆ ಶಾಸನದಲ್ಲಿ ಅವನು ಕುದುರೆಯ ಮೇಲೆ ಕೂತು ಚೆಂಡಾಡುತ್ತಿದ್ದ ಜಾಣ್ಮೆಯ ವರ್ಣನೆಯೇ ಇದೆ. ಇವತ್ತು ಪೋಲೊ ಎನ್ನುತ್ತೇವಲ್ಲ, ಅಂಥ ಆಟ. ಎಲ್ಲ ಬಿಟ್ಟು ಹೋದವನ ಕಲ್ಲಿನ ಮೇಲೆ, ಉಳಿದವರಿಗೆ ಬಿಡಲಾಗದ ಚೆಂಡು ಇನ್ನೂ ಉರುಳುತ್ತಿದೆ.

ಇಷ್ಟಾದರೂ ಗಡ್ಡದ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಶಾಸನದಲ್ಲಿ ಸಿಗಲಿಲ್ಲ, ಹಿತ್ತಲಲ್ಲಿ ಸಿಕ್ಕಿತು. ಮನೆಯಾಕೆ ಕರಿಬೇವಿನ ಗಿಡ ನೋಡಿ, "ಈಗ ಬೇರು ಬಿಟ್ಟಿದೆ, ಇನ್ನು ಭಯ ಇಲ್ಲ" ಅಂದರು. ಬೇರು ಬಿಡುವುದು! ನೆಲವನ್ನು ಭದ್ರವಾಗಿ ಹಿಡಿದುಕೊಳ್ಳುವ ಕೆಲಸಕ್ಕೆ ಕನ್ನಡ ಬಳಸುವ ಮಾತು ಬಿಡುವುದು. ಗಿಡದ ಬಾಳೆಲ್ಲ ಹೀಗೇ ನಡೆಯುತ್ತದೆ. ಚಿಗುರು ಬಿಡುತ್ತದೆ, ಮೊಗ್ಗು ಬಿಡುತ್ತದೆ, ಹೂ ಬಿಡುತ್ತದೆ, ಕಾಯಿ ಬಿಡುತ್ತದೆ. ಆಲವಾದರೆ ಬಿಳಲು ಬಿಡುತ್ತದೆ. ರೈತ ಹೊಲವನ್ನು ಬೀಳು ಬಿಡುತ್ತಾನೆ, ಅಂದರೆ ಆ ವರ್ಷ ಅದಕ್ಕೆ ಏನನ್ನೂ ಹೇಳುವುದಿಲ್ಲ. ಅದೂ ಸಾಗುವಳಿಯ ಭಾಗವೇ. ಮಗು ಕಣ್ಣು ಬಿಡುತ್ತದೆ. ತಪ್ಪು ಮಾಡಿದವನು ಕೊನೆಗೆ ಬಾಯಿ ಬಿಡುತ್ತಾನೆ. ಇಲ್ಲೆಲ್ಲ ತೊರೆಯುವುದರ ಸುಳಿವೇ ಇಲ್ಲ, ತೆರೆಯುವುದರ ಸುಳಿವಿದೆ.

ಸಿಗರೇಟನ್ನು ಬಿಟ್ಟೆ ಎಂದರೆ ನನ್ನ ಕೈ ಅದರ ಮೇಲಿಂದ ಎದ್ದಿತು. ಗಡ್ಡ ಬಿಟ್ಟೆ ಎಂದರೂ ಕೈ ಎದ್ದಿತು. ಕೈಯಲ್ಲಿದ್ದ ಬ್ಲೇಡೂ ಎದ್ದಿತು. ಸಿಗರೇಟು ಹೊರಟುಹೋಯಿತು, ಗಡ್ಡ ಬೆಳೆಯಿತು. ಎರಡರಲ್ಲೂ 'ಬಿಡು' ಹೇಳಿದ್ದು ಕೈಯ ಮಾತನ್ನು ಅಷ್ಟೇ. ಆಮೇಲೆ ಆ ವಸ್ತು ಹೋಗುತ್ತದೋ, ಇರುತ್ತದೋ, ಅರಳುತ್ತದೋ ಎಂಬ ಬಗ್ಗೆ ಪದ ಬಾಯಿ ಬಿಡುವುದಿಲ್ಲ. "ಇನ್ನು ದೇವರಿಗೆ ಬಿಟ್ಟದ್ದು", "ಮಳೆಗೆ ಬಿಟ್ಟದ್ದು", "ಅದು ನಿನಗೆ ಬಿಟ್ಟದ್ದು" ಎನ್ನುತ್ತೇವಲ್ಲ, ನಾಳೆ ಏನೆಂದು ತಿಳಿಯದ ಎಲ್ಲ ಕಡೆಯೂ ಕನ್ನಡಿಗ ಇದೇ ಪದದ ಮೇಲೆ ಹೊರೆ ಇಳಿಸುತ್ತಾನೆ. ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಬುರುಡೆ?" ಅಂದರು. ಬುರುಡೆಯೂ ಹಾಗೇ, ಬಾಯಿಂದ ಹೊರಟ ಮೇಲೆ ಎಷ್ಟು ದೊಡ್ಡದಾಗುತ್ತದೆಂದು ಬಿಟ್ಟವನಿಗೂ ಗೊತ್ತಿರುವುದಿಲ್ಲ.

ಅಡುಗೆಮನೆಯಲ್ಲಿ ಈ ಪದ ಗಡಿಯಾರದ ಕೆಲಸ ಮಾಡುತ್ತದೆ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದೆ. ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿಯಬೇಕು. ಮೈಸೂರುಪಾಕಿಗೆ ನಿಂತವರಿಗೆ ಗೊತ್ತು, ಸೌಟು ತಿರುಗಿಸುತ್ತ ತಿರುಗಿಸುತ್ತ ಒಂದು ಗಳಿಗೆಯಲ್ಲಿ ಇಡೀ ಮುದ್ದೆ ಬಾಣಲೆಯ ತಳ ಬಿಡುತ್ತದೆ. ಅದಕ್ಕೆ ಮೊದಲು ತಟ್ಟೆಗೆ ಸುರಿದರೆ ಅಂಟು, ತಡಮಾಡಿದರೆ ಕಲ್ಲು. ಅಂಟಿನ ಕಾಲ ಮುಗಿದ ಗುರುತು ತಳ ಬಿಡುವುದು. ಎಷ್ಟು ನಿಮಿಷ ಎಂದು ಕೇಳಿದರೆ ಯಾವ ಒಳ್ಳೆಯ ಅಡಿಗೆಯವರೂ ಹೇಳುವುದಿಲ್ಲ, "ಬಿಟ್ಟಾಗ ಗೊತ್ತಾಗುತ್ತೆ" ಅನ್ನುತ್ತಾರೆ.

ಒಂದು ಎಚ್ಚರಿಕೆ. ಸದ್ದು ಒಂದೇ ಎಂದು ಎಲ್ಲವನ್ನೂ ಈ ಬಳಗಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. 'ಬಿಟ್ಟಿ' ನಂಟನಲ್ಲ. ಅದು ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು, ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ ಎಂದು ಅರ್ಥ. ಬಿಟ್ಟಿ ಸಿಕ್ಕಿತು ಎಂದು ಇವತ್ತು ಹಿಗ್ಗುವ ನಾವು ಯಾರದೋ ಬೆವರನ್ನು ಮರೆತಿದ್ದೇವೆ. ಈ ಬಿಟ್ಟಿಯಲ್ಲಿ ಯಾರೂ ಏನನ್ನೂ ಬಿಟ್ಟವರಲ್ಲ, ಕಿತ್ತುಕೊಂಡವರು.

ಹಾಗೆಂದು ನಿಜವಾದ 'ಬಿಡು' ಪೂರ್ತಿ ಸಾಧುವೇನೂ ಅಲ್ಲ. ದೇವರಿಗೆ ಹೋರಿ ಬಿಡುತ್ತಾರೆ. ಮೂಗುದಾರ ತೆಗೆದು, ಮುದ್ರೆ ಒತ್ತಿ, ಅದು ಯಾರ ಹೊಲದಲ್ಲಿ ಮೇದರೂ ಕೇಳುವವರಿಲ್ಲದಂತೆ ಬಿಡುವುದು. ಹೋರಿಗೆ ಅದು ಸುಖವೇ ಇರಬಹುದು. ಅದೇ ಮಾತನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಗಳಲ್ಲಿ ಹೆಣ್ಣುಮಕ್ಕಳಿಗೂ ಹೇಳುತ್ತಿದ್ದರು: ಬಸವಿ ಬಿಡುವುದು. ಬಸವ ಎಂಬುದರ ಹೆಣ್ಣು ರೂಪ ಬಸವಿ. ಹೋರಿಯ ಹಾಗೆ ಬಿಟ್ಟ ಹುಡುಗಿ. ಹರಕೆ ಹೊತ್ತವರು ದೊಡ್ಡವರು, ಬೆಲೆ ತೆತ್ತವಳು ಹತ್ತು ಹನ್ನೆರಡರ ಮಗು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಅಷ್ಟರಲ್ಲಿ ಈ ಕ್ರಿಯಾಪದ ಎಷ್ಟೋ ಮನೆಗಳನ್ನು ಹಾದು ಹೋಗಿತ್ತು. ಹಿಡಿತ ನನ್ನದು, ಬಿಟ್ಟದ್ದು ನಿನ್ನನ್ನು ಎಂಬಲ್ಲಿ ಬಿಡುವುದು ತ್ಯಾಗವೂ ಅಲ್ಲ, ಬಿಡುಗಡೆಯೂ ಅಲ್ಲ.

'ಗಂಡ ಬಿಟ್ಟವಳು' ಎಂಬ ಮಾತನ್ನೇ ನೋಡಿ. ಗಂಡ ಅವಳನ್ನು ಬಿಟ್ಟನೇ, ಅವಳು ಗಂಡನನ್ನು ಬಿಟ್ಟಳೇ? ವ್ಯಾಕರಣ ಎರಡಕ್ಕೂ ಜಾಗ ಕೊಡುತ್ತದೆ. ಊರಿನವರು ಕೊಡುವುದಿಲ್ಲ, ಅವರಿಗೆ ಮೊದಲನೆಯದು ಕರುಣೆಯ ಕತೆ, ಎರಡನೆಯದು ಹರಟೆಯ ಕತೆ. ಉತ್ತರ ಕರ್ನಾಟಕದಲ್ಲಿ ವಿಚ್ಛೇದನಕ್ಕೆ ಹೇಳುವ 'ಸೋಡಚೀಟಿ'ಯೂ ಇಂಥದ್ದೇ, ಮರಾಠಿಯ ಬಿಡುವ ಧಾತುವಿಗೆ ಚೀಟಿ ಅಂಟಿಸಿಕೊಂಡು ಬಂದದ್ದು. ಇನ್ನು 'ಹೋಗ್ಲಿ ಬಿಡಮ್ಮ' ಎಂಬ ಸಮಾಧಾನವಿದೆಯಲ್ಲ, ಅದನ್ನು ಮೊದಲು ಹೇಳಿಸಿಕೊಳ್ಳುವುದು ಅನ್ಯಾಯ ಮಾಡಿದವರಲ್ಲ, ಅನುಭವಿಸಿದವರು. ಆಸ್ತಿಯ ಪಾಲು ಕೇಳಿದ ತಂಗಿಗೆ ಅಣ್ಣಂದಿರ ಪರವಾಗಿ ದೊಡ್ಡಮ್ಮ ಹೇಳುವ ವೇದಾಂತ ಅದು. ಮೋಹ ಬಿಡು ಎಂಬ ಉಪದೇಶ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತಿದೆ ಎಂದು ನೋಡದೆ ಅದಕ್ಕೆ ತಲೆದೂಗುವುದನ್ನು ನಾನು ಈಚೆಗೆ ಬಿಟ್ಟಿದ್ದೇನೆ.

ಮಂಡ್ಯದಲ್ಲಿ ಈ ಪದಕ್ಕೆ ಬೇರೆಯೇ ಕಾವು. "ನೀರು ಬಿಟ್ರಾ?" ಎಂದು ಚಹಾದಂಗಡಿಯಲ್ಲಿ ಕೇಳಿದರೆ, ನಾಲೆಗೋ ತಮಿಳುನಾಡಿಗೋ ಎಂಬುದು ಕೇಳಿದವರ ಮುಖ ನೋಡಿ ತಿಳಿಯಬೇಕು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ತುಂಬಿದರೆ 49.45 ಟಿಎಂಸಿ, ಆ ಭಾಗದ ಮಕ್ಕಳಿಗೂ ಬಾಯಿಪಾಠ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಳೆ ಸರಿಯಾದ ವರ್ಷ 177.25 ಟಿಎಂಸಿ ಕಾವೇರಿ ನೀರು ಗಡಿಯ ಬಿಳಿಗುಂಡ್ಲು ದಾಟಿ ತಮಿಳುನಾಡಿಗೆ ಹೋಗಬೇಕು. ಜಗಳವೆಲ್ಲ ಮಳೆ ಸರಿಯಾಗದ ವರ್ಷದ್ದು. ನೀರು ತಾನಾಗಿ ಹರಿಯುವ ವಸ್ತು. ಅದನ್ನು 'ಬಿಡುವುದು' ಎನ್ನಬೇಕಾದರೆ ಮೊದಲು ಕಟ್ಟಿರಬೇಕು. ಕಟ್ಟು, ಬಿಡು ಎರಡೂ ಜೋಡಿ ಮಾತುಗಳು. ಹೂವಾಡಗಿತ್ತಿಯ ಬುಟ್ಟಿಯಲ್ಲೂ ಇರುವುದು ಎರಡೇ ಜಾತಿ, ಕಟ್ಟಿದ ಹೂ, ಬಿಡಿ ಹೂ.

ಕೊನೆಗೆ ವ್ಯಾಕರಣದ ಒಂದು ಸಂಗತಿ. ಬೇರೆ ಕ್ರಿಯಾಪದಗಳ ಬಾಲಕ್ಕೆ ಸೇರಿಕೊಂಡಾಗ 'ಬಿಡು' ತನ್ನ ಅರ್ಥವನ್ನು ಅರ್ಧ ಬಿಟ್ಟು ಇನ್ನೇನೋ ಆಗುತ್ತದೆ. 'ಲೋಟ ಒಡೆಯಿತು' ಎಂದರೆ ಸುದ್ದಿ. 'ಒಡೆದುಬಿಟ್ಟಿತು' ಎಂದರೆ ಸುದ್ದಿಯ ಜೊತೆಗೆ, ನನ್ನ ಕೈ ಮೀರಿತು ಎಂಬ ಉಸಿರು. 'ಹೋದ' ಬೇರೆ, 'ಹೋಗಿಬಿಟ್ಟ' ಬೇರೆ. 'ಹೇಳಿಬಿಡು' ಎಂದರೆ, ಹೇಳಿದ ಮೇಲೆ ಏನಾಗುತ್ತದೋ ಆಗಲಿ ಎಂಬುದೂ ಸೇರಿದೆ. ತಮಿಳರೂ ತಮ್ಮ 'ವಿಡು'ವಿನಿಂದ ಇದೇ ಕೆಲಸ ಮಾಡಿಸುತ್ತಾರೆ. ಹೀಗೆ ಎಲ್ಲ ಕ್ರಿಯೆಗಳಿಗೂ ಬಾಲವಾಗುವ ಈ ಪದ ತನಗೆ ತಾನೇ ಬಾಲವಾದಾಗ 'ಬಿಟ್ಟುಬಿಡು'. ಮೊದಲನೆಯದು ಕೆಲಸ, ಎರಡನೆಯದು ಆ ಕೆಲಸದ ಮುಗಿತಾಯ. ಬಿಡುವುದನ್ನು ಒಂದೇ ಸಲಕ್ಕೆ ಮುಗಿಸಲಾಗುವುದಿಲ್ಲವೆಂದು ಭಾಷೆಗೆ ಯಾರು ಹೇಳಿಕೊಟ್ಟರೋ.

ಅಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಪೂರ್ವಕ್ಕೆ ಹೋಗುವ ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಅಲ್ಲೇ. ಮೇಲೆ ಕಟ್ಟೆಯಿಂದ ನೀರು ಬಿಟ್ಟಿದ್ದರು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮೊಣಕಾಲಷ್ಟು ನೀರಿಗೆ ಇಳಿದು ಎಳ್ಳುನೀರು ಬಿಟ್ಟೆ. ಪುರೋಹಿತರು ಮಣ್ಣಿನ ಕುಡಿಕೆ ಕೈಗೆ ಕೊಟ್ಟು, "ಈಗ ಬಿಡಿ" ಅಂದರು. ಬಗ್ಗಿಸಿದೆ. ಬೂದಿ ಒಂದು ಗಳಿಗೆ ನೀರಿನ ಮೇಲೆ ನಿಂತು, ಹರಡಿ, ಹೋಯಿತು. ನಾನು ಎದ್ದು ನಿಂತೆ. ಅವರು ಮಂತ್ರ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಕುಡಿಕೆನೂ ಬಿಟ್ಬಿಡಿ, ಸ್ವಾಮಿ."

ಬಿಟ್ಟೆ. ಅದು ಒಂದು ಸುತ್ತು ತಿರುಗಿತು, ಬಾಯಿಗೆ ಅರ್ಧ ನೀರು ತುಂಬಿಕೊಂಡಿತು, ಪಶ್ಚಿಮದ ಕಡೆಗೆ ಹೊರಟಿತು. ಎಲ್ಲಿ ಮುಳುಗಿತೋ ಕಾಣಲಿಲ್ಲ.